‘ಅವರು’ ಅಂತಿದ್ದ ಕವಿತೆ ‘ನಾನು’ ಅಂದಾಗ: ಟ್ರಾನ್ಸ್ ಕವಿಗಳನ್ನು ಓದುವ ಬಗೆ

“ಕವಿತೆಗೆ ಎಂಥ ಗಂಡು, ಎಂಥ ಹೆಣ್ಣು? ಚೆನ್ನಾಗಿದ್ರೆ ಕವಿತೆ, ಇಲ್ಲಾಂದ್ರೆ ಇಲ್ಲ.” ಹಾಸನದಲ್ಲಿ ಸಾಹಿತ್ಯದ ನಾಲ್ಕು ಜನ ಸೇರಿದ ಕಡೆ ಟ್ರಾನ್ಸ್‌ಜೆಂಡರ್ ಕವಿಗಳ ಮಾತು ಎತ್ತಿ ನೋಡಿ, ಈ ಉತ್ತರ ಬಂದೇ ಬರುತ್ತದೆ. ಮಾತೇನೋ ಉದಾರವಾಗಿದೆ. ಆದರೆ ಅದೇ ಜನ ನಡೆಸುವ ಕವಿಗೋಷ್ಠಿಯ ಆಹ್ವಾನ ಪತ್ರಿಕೆ ತೆಗೆದು ನೋಡಿ. ಪ್ರತಿ ಹೆಸರಿನ ಮುಂದೆ ಶ್ರೀ, ಇಲ್ಲವೇ ಶ್ರೀಮತಿ, ಇಲ್ಲವೇ ಕುಮಾರಿ. ನಿರೂಪಣೆ ಮಾಡುವವರು ಹೆಂಗಸರ ಸರದಿ ಬಂದಾಗ “ಈಗ ನಮ್ಮ ಕವಯಿತ್ರಿ” ಅಂತ ಒತ್ತಿ ಕರೆಯುತ್ತಾರೆ. ಮಹಿಳಾ ಗೋಷ್ಠಿ ಅಂತ ಬೇರೆ ಒಂದು ಮಧ್ಯಾಹ್ನ, ಅದೂ ಊಟದ ನಂತರ ಎಲ್ಲರಿಗೂ ನಿದ್ದೆ ಎಳೆಯುವ ಹೊತ್ತಿಗೆ. ಕವಿತೆಗೆ ಲಿಂಗ ಇಲ್ಲದಿರಬಹುದು. ವೇದಿಕೆಗಂತೂ ಇದೆ.

ಹಾಗಾಗಿ ಟ್ರಾನ್ಸ್ ಕವಿಗಳು ಕವಿತೆಗೆ ಏನು ಕೊಟ್ಟಿದ್ದಾರೆ ಅನ್ನೋ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನನ್ನ ಮಟ್ಟಿಗೆ ಇದರ ಉತ್ತರ ‘ಹೊಸ ವಿಷಯ ಕೊಟ್ಟರು’ ಎನ್ನುವುದಲ್ಲ. ವಿಷಯ ಹಳೆಯದೇ. ಕನ್ನಡದಲ್ಲಂತೂ ಬಹಳ ಹಳೆಯದು. ಬದಲಾಗಿದ್ದು ಮಾತಾಡುವವರು. ಇಷ್ಟು ಕಾಲ ‘ಅವರ’ ಬಗ್ಗೆ ಬರೆದ ಕವಿತೆಗಳಿದ್ದವು. ಈಗ ಅವರೇ ‘ನಾನು’ ಅಂತ ಬರೆಯುತ್ತಿದ್ದಾರೆ. ಈ ಒಂದು ಬದಲಾವಣೆಯಿಂದ ಕವಿತೆಯೊಳಗೆ ಏನೇನು ಅಲುಗಾಡಿತು ಅನ್ನೋದು ಈ ಬರಹದ ವಿಷಯ.

ಮೊದಲು ಪದಗಳ ಗೊಂದಲ ಮುಗಿಸಿಬಿಡೋಣ. ಮಗು ಹುಟ್ಟಿದಾಗ ಗಂಡು ಅಥವಾ ಹೆಣ್ಣು ಅಂತ ಬರೆಸುತ್ತಾರೆ. ಬೆಳೆಯುತ್ತಾ ಆ ಮಗುವಿಗೆ ತಾನು ಅದಲ್ಲ ಅಂತ ಒಳಗಿನಿಂದ ಗೊತ್ತಾದರೆ ಅವರು ಟ್ರಾನ್ಸ್‌ಜೆಂಡರ್. ಹೆಣ್ಣಾಗಿ ಬದುಕುವವರು ಟ್ರಾನ್ಸ್ ಮಹಿಳೆ, ಗಂಡಾಗಿ ಬದುಕುವವರು ಟ್ರಾನ್ಸ್ ಪುರುಷ. ಎರಡೂ ಪೆಟ್ಟಿಗೆ ಬೇಡ ಅನ್ನುವವರು ನಾನ್‌ಬೈನರಿ. ಹುಟ್ಟುವಾಗಲೇ ದೇಹದ ಲಕ್ಷಣ ಎರಡರಲ್ಲಿ ಒಂದಕ್ಕೆ ಪೂರ್ತಿ ಹೊಂದದಿದ್ದರೆ ಅದು ಇಂಟರ್‌ಸೆಕ್ಸ್, ಅದು ಬೇರೆ ಮಾತು. ಯಾರ ಮೇಲೆ ಪ್ರೀತಿ ಬರುತ್ತದೆ ಅನ್ನೋದು ಇನ್ನೂ ಬೇರೆ. ಹಿಜ್ರಾ, ಜೋಗತಿ, ಜೋಗಪ್ಪ ಇವು ಸಮುದಾಯದ, ಸಂಪ್ರದಾಯದ ಹೆಸರುಗಳು. ಜೋಗಪ್ಪಂದಿರಲ್ಲಿ ತಾವು ಎಲ್ಲಮ್ಮ ದೇವಿಗೆ ಸೇರಿದವರು, ಟ್ರಾನ್ಸ್ ಅನ್ನೋ ಪದ ನಮಗೆ ಬೇಡ ಅನ್ನುವವರೂ ಇದ್ದಾರೆ. ಸರ್ಕಾರಿ ಕಡತದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಅಂತ ಬರೆಯುತ್ತಾರೆ. 2011ರ ಜನಗಣತಿಯಲ್ಲಿ ‘ಇತರೆ’ ಅನ್ನೋ ಕಾಲಂನಲ್ಲಿ ಇಡೀ ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಲೆಕ್ಕಕ್ಕೆ ಸಿಕ್ಕರು. ಮನೆಯಲ್ಲಿ ಹೇಳಿಕೊಳ್ಳಲಾಗದವರು ಗಣತಿಯವರ ಹತ್ತಿರ ಹೇಳಿಕೊಂಡಿರುತ್ತಾರಾ, ನೀವೇ ಯೋಚಿಸಿ.

ನಮ್ಮ ಕಡೆಯವರಿಗೆ ಈ ಜನರ ಪರಿಚಯ ಆಗುವುದು ಪುಸ್ತಕದಲ್ಲಲ್ಲ. ಸಕಲೇಶಪುರದ ಕಡೆ ಹೋಗುವ ರೈಲಿನಲ್ಲಿ, ಶಾಂತಿಗ್ರಾಮದ ಟೋಲ್ ಹತ್ತಿರ, ಅಂಗಡಿ ಬಾಗಿಲಲ್ಲಿ. ಒಂದು ಚಪ್ಪಾಳೆ, ಹತ್ತು ರೂಪಾಯಿ, ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಯಾರೂ ಯಾರನ್ನೂ ‘ನೀವು ಏನು ಓದ್ತೀರಿ’ ಅಂತ ಕೇಳೋದಿಲ್ಲ.

ಸಾವಿರ ವರ್ಷದ ಹಳೆ ಮಾತು

ಕನ್ನಡದಲ್ಲಿ ಈ ವಿಷಯ ಹಳೆಯದು ಅಂದೆ. ಜೇಡರ ದಾಸಿಮಯ್ಯ ನೇಕಾರ, ಬಸವಣ್ಣನವರಿಗಿಂತ ಹಿಂದಿನವನು ಅಂತ ಹೇಳುತ್ತಾರೆ. ಅವನ ಈ ವಚನ ಶಾಲೆಯಲ್ಲೇ ಕಿವಿಗೆ ಬಿದ್ದಿರುತ್ತದೆ:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು
ಗಡ್ಡ ಮೀಸೆ ಬಂದಡೆ ಗಂಡೆಂಬರು
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ

ಗೊಗ್ಗವ್ವೆ ಅನ್ನುವ ಶರಣೆ ಕೂಡ ಹೆಚ್ಚುಕಡಿಮೆ ಇದೇ ಮಾತನ್ನು ನಾಸ್ತಿನಾಥನ ಅಂಕಿತದಲ್ಲಿ ಹೇಳಿದ್ದಾಳೆ. ಇವಳು ಅದನ್ನು ಪ್ರಶ್ನೆಯಾಗಿ ಇಡುತ್ತಾಳೆ. ‘ಶರಣ ಸತಿ, ಲಿಂಗ ಪತಿ’ ಅನ್ನುವ ಭಾವದಲ್ಲಿ ಗಂಡಸರೇ ಹೆಂಡತಿಯಾಗಿ ಹಾಡಿದ ವಚನಗಳು ಎಷ್ಟೋ ಇವೆ. ತಮಿಳಿನಲ್ಲಿ ನಮ್ಮಾಳ್ವಾರರು ‘ಪರಾಂಕುಶ ನಾಯಕಿ’ಯಾಗಿ ದೇವರಿಗಾಗಿ ಹಂಬಲಿಸಿದರು. ಬೇಲೂರಿಗೆ ಬಂದರೆ ಚೆನ್ನಕೇಶವ ಗುಡಿಯ ನವರಂಗದಲ್ಲೇ ಮೋಹಿನಿಯ ಕಂಬ ಇದೆ. ವಿಷ್ಣು ಹೆಣ್ಣಾದ ರೂಪ ಅದು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಬರೆದ ಜೈಮಿನಿ ಭಾರತದಲ್ಲಿ ಯಾಗದ ಕುದುರೆ ಒಂದು ಕಡೆ ಹೆಣ್ಣು ಕುದುರೆಯಾಗುತ್ತದೆ, ಮುಂದೆ ಹುಲಿಯಾಗುತ್ತದೆ, ಮತ್ತೆ ಮೊದಲಿನ ಹಾಗಾಗುತ್ತದೆ. ಶೃಂಗೇರಿ, ಕೊಪ್ಪದ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಬೃಹನ್ನಳೆ ಗೊತ್ತು, ಶಿಖಂಡಿ ಗೊತ್ತು, ಸ್ತ್ರೀವೇಷದ ಗಂಡಸರಂತೂ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಇರುವಾಗ ಹೊಸದೇನಿದೆ ಅಂತ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಸ್ವಲ್ಪ ನಿಂತು ನೋಡಿ. ದಾಸಿಮಯ್ಯ ಮಾತಾಡಿದ್ದು ಆತ್ಮದ ಬಗ್ಗೆ. ಆತ್ಮಕ್ಕೆ ಬಾಡಿಗೆ ಮನೆ ಹುಡುಕಬೇಕಾಗಿಲ್ಲ, ಬಸ್ ಸ್ಟ್ಯಾಂಡಿನ ಶೌಚಾಲಯದ ಮುಂದೆ ಯಾವ ಕಡೆ ಹೋಗಲಿ ಅಂತ ನಿಲ್ಲಬೇಕಾಗಿಲ್ಲ. ಮೋಹಿನಿ ಕೆಲಸ ಮುಗಿಸಿ ವಿಷ್ಣುವಾಗಿ ವಾಪಸ್ ಹೋಗುತ್ತಾಳೆ. ಅರ್ಜುನನ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವು ಇದೆ. ಲಕ್ಷ್ಮೀಶನ ಕುದುರೆಗೂ ಬಿಡುಗಡೆ ಇದೆ. ಸ್ತ್ರೀವೇಷದ ಕಲಾವಿದರು ಚೌಕಿಗೆ ಹೋಗಿ ಬಣ್ಣ ಒರೆಸುತ್ತಾರೆ. ಇಲ್ಲೆಲ್ಲ ವೇಷ ಕಳಚುವ ಹೊತ್ತು ಮೊದಲೇ ನಿಗದಿಯಾಗಿದೆ. ಟ್ರಾನ್ಸ್ ಕವಿಯ ‘ನಾನು’ ವೇಷ ಅಲ್ಲ. ಕಳಚುವುದಕ್ಕೆ ಅಲ್ಲಿ ಏನೂ ಇಲ್ಲ. ಹಳೆಯ ಕವಿತೆಗಳನ್ನು ಹೀಗೆ ಹೇಳಿ ಬದಿಗೆ ತಳ್ಳುತ್ತಿಲ್ಲ. ಅವು ಬಾಗಿಲು ತೆರೆದಿಟ್ಟಿದ್ದವು. ಒಳಗೆ ಬಂದು ಕೂತವರು ಮಾತ್ರ ಈಗಿನವರು.

ಅಂಕಿತ ಇಲ್ಲದ ಪದಗಳು

ಬರೆದ ಕವಿತೆಗೆ ಬರುವ ಮೊದಲು ಹಾಡಿದ ಕವಿತೆಯ ಮಾತಾಡಲೇಬೇಕು. ಸವದತ್ತಿಯ ಎಲ್ಲಮ್ಮನ ಗುಡ್ಡ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿ, ಈ ಕಡೆಗಳಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಸೇರಿದ ಜೋಗತಿಯರು ತಲೆಮಾರುಗಳಿಂದ ಎಲ್ಲಮ್ಮನ ಕಥೆ ಹಾಡುತ್ತಾ ಬಂದಿದ್ದಾರೆ. ಕೈಯಲ್ಲಿ ಚೌಡಿಕೆ ಅನ್ನೋ ತಂತಿವಾದ್ಯ, ತಲೆ ಮೇಲೆ ಕೊಡ, ಮಧ್ಯೆ ಮಧ್ಯೆ ‘ಉಧೋ ಉಧೋ’. ರಾತ್ರಿಯಿಡೀ ನಡೆಯುವ ಕಥನ ಅದು. ಸಾಲುಗಳು ಬಾಯಿಂದ ಬಾಯಿಗೆ ಹೋಗುತ್ತವೆ, ಹೋಗುವಾಗ ಹಾಡುವವರ ಸ್ವಂತ ನೋವೂ ಸೇರಿಕೊಳ್ಳುತ್ತದೆ. ವಚನಕ್ಕೆ ಅಂಕಿತ ಇತ್ತು, ಅದಕ್ಕೇ ಇವತ್ತಿಗೂ ಇದು ದಾಸಿಮಯ್ಯನದು, ಇದು ಗೊಗ್ಗವ್ವೆಯದು ಅಂತ ಹೇಳುತ್ತೇವೆ. ಜೋಗತಿಯರ ಪದಗಳಿಗೆ ಅಂಥ ಅಂಕಿತ ಇರಲಿಲ್ಲ. ಹಾಗಾಗಿ ನಾವು ಅವನ್ನು ‘ಜಾನಪದ’ ಅಂತ ಒಂದು ಚೀಲಕ್ಕೆ ಹಾಕಿದೆವು. ಹಾಡಿದವರು ಕವಿಗಳು ಅಂತ ಅನ್ನಿಸಲೇ ಇಲ್ಲ.

ಮಂಜಮ್ಮ ಜೋಗತಿಯವರಿಂದ ಈ ಚಿತ್ರ ಸ್ವಲ್ಪ ಬದಲಾಯಿತು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿ ಅನ್ನುವ ಹೆಸರಲ್ಲಿ ಹುಟ್ಟಿದವರು. ಕಾಳವ್ವ ಜೋಗತಿಯವರ ತಂಡ ಸೇರಿ ಜೋಗತಿ ನೃತ್ಯವನ್ನು ಗುಡಿಯ ಅಂಗಳದಿಂದ ರಂಗದ ಮೇಲೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಪ್ರಶಸ್ತಿ ಹಿಡಿಯುವ ಮೊದಲು ಸೀರೆಯ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಆ ವಿಡಿಯೊ ನೋಡದವರು ಕಡಿಮೆ. ಬೀದಿಯಲ್ಲಿ ಜನ ಮುಖ ತಿರುಗಿಸಿಕೊಳ್ಳುವ ಅದೇ ಕೈಯ ಚಲನೆ ಅಲ್ಲಿ ಆಶೀರ್ವಾದವಾಗಿ ಕಂಡಿತು.

ಅವರ ಆತ್ಮಕತೆಯ ಹೆಸರು ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ಬರಹಕ್ಕೆ ಇಳಿಸಿದ್ದಾರೆ. ಹೆಸರು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ದಾಸಿಮಯ್ಯನ ಸಾಲಿನಲ್ಲಿ ‘ಆತ್ಮ’ ಇದ್ದ ಜಾಗಕ್ಕೆ ಇಲ್ಲಿ ‘ಹೆಣ್ಣು’ ಬಂದು ಕೂತಿದ್ದಾಳೆ. ಆತ್ಮದ ಜಾಗದಲ್ಲಿ ಈಗ ಹಸಿವು, ಅಪ್ಪನ ಏಟು, ಸೀರೆ ಎಲ್ಲ ಇರುವ ಒಬ್ಬ ಮನುಷ್ಯಳಿದ್ದಾಳೆ. ಟ್ರಾನ್ಸ್ ಬರಹ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಒಂದು ಪದದ ಅದಲುಬದಲನ್ನೇ.

ಗದ್ಯ ಮೊದಲು ಬಂತು

ನಮ್ಮ ದಕ್ಷಿಣದ ಭಾಷೆಗಳಲ್ಲಿ ಟ್ರಾನ್ಸ್ ಬರಹಗಾರರು ಮೊದಲು ಗುರುತಾಗಿದ್ದು ಗದ್ಯದಿಂದ, ಅದರಲ್ಲೂ ಆತ್ಮಕತೆಯಿಂದ. ತಮಿಳಿನ ಎ. ರೇವತಿ ಬೆಂಗಳೂರಿಗೆ ಬಂದು ಲೈಂಗಿಕ ಅಲ್ಪಸಂಖ್ಯಾತರ ಪರವಾದ ಸಂಗಮ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 2004ರಲ್ಲಿ ತಮ್ಮ ಸಮುದಾಯದವರ ಮಾತುಗಳನ್ನು ಸಂಗ್ರಹಿಸಿ ‘ಉಣರ್ವುಂ ಉರುವಮುಂ’ ತಂದರು. ಆಮೇಲೆ ಬಂದದ್ದು ಅವರ ಸ್ವಂತ ಕಥೆ. 2010ರಲ್ಲಿ ಇಂಗ್ಲಿಷಿನಲ್ಲಿ, ನಂತರ ಕನ್ನಡದಲ್ಲಿ ದು. ಸರಸ್ವತಿಯವರ ಅನುವಾದವಾಗಿ ‘ಬದುಕು ಬಯಲು’. ಈ ಪುಸ್ತಕ ನಾಟಕವಾಗಿಯೂ ಆಡಿತು. 2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮುಂದೆ ಲೇಖಕಿಯರ ಹೆಸರಿನ ದೊಡ್ಡ ಬ್ಯಾನರ್ ಕಟ್ಟಿದಾಗ ಅದರಲ್ಲಿ ರೇವತಿಯವರ ಹೆಸರೂ ಇತ್ತು.

ಇನ್ನೊಬ್ಬರು ಲಿವಿಂಗ್ ಸ್ಮೈಲ್ ವಿದ್ಯಾ. ಅವರ ತಮಿಳು ಆತ್ಮಕತೆಯಿಂದ ಬಂದ ಸಿನಿಮಾವೇ ‘ನಾನು ಅವನಲ್ಲ ಅವಳು’. ಅದರ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನವರು. 2021ರ ಜೂನ್‌ನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ಪಂಚನಹಳ್ಳಿಯಲ್ಲೇ ಆಯಿತು. ಈ ಕಡೆಯ ಎಷ್ಟೋ ಮನೆಗಳಿಗೆ ಟ್ರಾನ್ಸ್ ಮಹಿಳೆಯೊಬ್ಬರ ಕಥೆ ಹೊಕ್ಕಿದ್ದು ಆ ನಟನ ಮೂಲಕ. ಆ ಋಣ ಇದ್ದೇ ಇದೆ. ಆದರೂ ಒಂದು ಮಾತು ಹೇಳಬೇಕು. ಪುಸ್ತಕದಲ್ಲಿ ‘ನಾನು’ ಅಂದವರು ವಿದ್ಯಾ. ಪರದೆ ಮೇಲೆ ಬರುವಾಗ ಆ ‘ನಾನು’ ಮತ್ತೆ ಒಬ್ಬ ಗಂಡು ನಟನ ಬಾಯಿಗೆ ಬಂತು. ನಟನೆ ಎಷ್ಟೇ ಚೆನ್ನಾಗಿರಲಿ, ಸಿನಿಮಾ ನೋಡಿ ಮೂಲ ಪುಸ್ತಕ ಹುಡುಕಿದವರು ಎಷ್ಟು ಜನ?

ಈ ಆತ್ಮಕತೆಗಳ ನಡುವೆಯೇ ಕಾನೂನಿನಲ್ಲೂ ಒಂದು ದೊಡ್ಡ ತಿರುವು ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ‘ನಾಲ್ಸಾ’ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಹಾಕಿದ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು. ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದ್ದೇ ಅಂತ ಅದು ಒಪ್ಪಿಕೊಂಡಿತು. 2018ರ ಸೆಪ್ಟೆಂಬರ್‌ನಲ್ಲಿ ಒಪ್ಪಿತ ಸಲಿಂಗ ಸಂಬಂಧವನ್ನೂ ಅಪರಾಧ ಅಂತಿದ್ದ 377ನೇ ಕಲಮಿನ ಭಯ ಹೋಯಿತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಲ್ಕತ್ತಾದಲ್ಲಿ ಟ್ರಾನ್ಸ್‌ಜೆಂಡರ್ ಕವಿಗಳ ಸಮಾವೇಶ ನಡೆಸಿತು, ಅಂಥದ್ದು ಅದೇ ಮೊದಲು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಮಾನವಿ ಬಂದ್ಯೋಪಾಧ್ಯಾಯ ಅದರ ಮುಂದಾಳು. ಕರ್ನಾಟಕ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಶೇ. 1ರಷ್ಟು ಮೀಸಲಾತಿ ತಂದಿತು. ಕವಿತೆಗೂ ಮೀಸಲಾತಿಗೂ ಏನು ಸಂಬಂಧ ಅಂತೀರಾ? ಬರೆಯಲು ಒಂದು ಕೋಣೆ ಬೇಕು, ಕೋಣೆಗೆ ಬಾಡಿಗೆ ಬೇಕು.

ಕವಿತೆಯೊಳಗೆ ಆಗಿದ್ದು

ಈಗ ಕವಿತೆಗೆ ಬರೋಣ. ಎರಡು ಉದಾಹರಣೆ ಹತ್ತಿರದಿಂದ ನೋಡಿದರೆ ಸಾಕು. ಎರಡೂ ನಮ್ಮ ನೆರೆಯ ಭಾಷೆಗಳವು.

ತಮಿಳಿನ ಕಲ್ಕಿ ಸುಬ್ರಮಣ್ಯಂ ಕವಿ, ಚಿತ್ರ ಬರೆಯುವವರು, ಟ್ರಾನ್ಸ್ ಸಮುದಾಯಕ್ಕಾಗಿ ಇರುವ ಸಹೋದರಿ ಸಂಸ್ಥೆಯ ಸ್ಥಾಪಕಿ. ಅವರ ಸಂಕಲನದ ಹೆಸರು ‘ಕುರಿ ಅರುತ್ತೇನ್’. ತಾನು ತನ್ನ ಗಂಡು ಅಂಗವನ್ನು ಕತ್ತರಿಸಿಕೊಂಡೆ ಅಂತ ನೇರವಾಗಿ ಹೇಳುವ ಹೆಸರು. ಹಿಜ್ರಾ ಸಮುದಾಯದಲ್ಲಿ ಈ ಶಸ್ತ್ರಚಿಕಿತ್ಸೆಗೆ ‘ನಿರ್ವಾಣ’ ಅಂತಾರೆ. ಹೊರಗಿನವರು ಅದರ ಬಗ್ಗೆ ಪಿಸುಗುಟ್ಟುತ್ತಾರೆ, ಕೆಟ್ಟ ಕುತೂಹಲದಿಂದ ಕೇಳುತ್ತಾರೆ. ಕಲ್ಕಿ ಅದನ್ನು ಮುಖಪುಟದ ಮೇಲೆ ಇಟ್ಟುಬಿಟ್ಟರು. ಕೇಳುವ ಮೊದಲೇ ಹೇಳಿಯಾದ ಮೇಲೆ ಪಿಸುಗುಟ್ಟುವವರ ಕೈಯಲ್ಲಿ ಏನು ಉಳಿಯಿತು? ‘ಒಂಬತ್ತು’, ‘ಚಕ್ಕ’ ಅಂತ ಬೀದಿಯಲ್ಲಿ ಎಸೆಯುವ ಪದಗಳ ವಿಚಾರದಲ್ಲೂ ಟ್ರಾನ್ಸ್ ಕವಿಗಳು ಮಾಡುವುದು ಇದನ್ನೇ. ಕಲ್ಲು ಬಂದ ಕಡೆಗೆ ವಾಪಸ್ ಎಸೆಯುವುದಿಲ್ಲ, ಎತ್ತಿಕೊಂಡು ಮನೆಯ ಪಾಯಕ್ಕೆ ಹಾಕುತ್ತಾರೆ.

ಎರಡನೆಯದು ನನಗೆ ಜಾಸ್ತಿ ಇಷ್ಟ. ಮಲಯಾಳದ ವಿಜಯರಾಜಮಲ್ಲಿಕಾ. 2018ರಲ್ಲಿ ಬಂದ ಅವರ ಸಂಕಲನ ‘ದೈವತ್ತಿಂಡೆ ಮಗಳ್’, ಅಂದರೆ ದೇವರ ಮಗಳು. ಅವರು ಒಂದು ಜೋಗುಳ ಬರೆದಿದ್ದಾರೆ, ಇಂಟರ್‌ಸೆಕ್ಸ್ ಆಗಿ ಹುಟ್ಟಿದ ಕೂಸಿಗಾಗಿ. ‘ಆಣಲ್ಲ ಪೆಣ್ಣಲ್ಲ ಕಣ್ಮಣಿ ನೀ’ ಅಂತ ಶುರು. ಗಂಡಲ್ಲ ಹೆಣ್ಣಲ್ಲ, ನನ್ನ ಕಣ್ಮಣಿ ನೀನು. ಮಲಯಾಳಿಗಳಿಗೆ ಇದನ್ನು ಕೇಳಿದ ಕೂಡಲೇ ಇನ್ನೊಂದು ಜೋಗುಳ ನೆನಪಾಗುತ್ತದೆ. ಇರಯಿಮ್ಮನ್ ತಂಬಿಯ ‘ಓಮನತ್ತಿಂಗಳ್ ಕಿಡಾವೊ’. ತಿರುವಾಂಕೂರಿನ ರಾಜಮನೆತನಕ್ಕೆ ವಾರಸುದಾರ ಹುಟ್ಟಿದಾಗ, ಆ ಕೂಸು ಸ್ವಾತಿ ತಿರುನಾಳ್‌ಗಾಗಿ ಬರೆದದ್ದು. ಇದು ಚಂದ್ರನ ಕೂಸೋ, ತಾವರೆಯೋ, ಹೂವಿನ ಜೇನೋ ಅಂತ ಒಂದಾದ ಮೇಲೊಂದು ಹೋಲಿಕೆ ಕೊಡುತ್ತಾ ಹೋಗುತ್ತದೆ.

ಇಡೀ ರಾಜ್ಯ ಕಾಯುತ್ತಿದ್ದ ಗಂಡು ಕೂಸಿಗೆ ಆ ಹಾಡು. ಯಾರೂ ಕಾಯದ, ಹುಟ್ಟಿದ ಮೇಲೆ ಮನೆಯವರು ಮಾತೇ ಆಡದ ಕೂಸಿಗೆ ಈ ಹಾಡು. ನಮ್ಮ ಹಳ್ಳಿಗಳಲ್ಲಿ ಹೆರಿಗೆಯ ಸುದ್ದಿ ಬಂದ ತಕ್ಷಣ ಬರುವ ಮೊದಲ ಪ್ರಶ್ನೆ ಗೊತ್ತಲ್ವಾ? “ಏನು ಮಗು?” ಈ ಪ್ರಶ್ನೆಗೆ ಎರಡೇ ಉತ್ತರ ಅಂತ ಎಲ್ಲರೂ ನಂಬಿದ್ದಾರೆ. ಮೂರನೆಯದಾದರೆ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿ ಒಂದು ಕಡೆ ಸೇರಿಸುವ ಅವಸರ. ಅಂಥ ಕೂಸುಗಳ ಮೇಲೆ ಹೀಗೆ ಕತ್ತರಿ ಆಡಿಸಬಾರದು ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿತು. ಜೋಗುಳ ಹೇಳುವುದೂ ಅದೇ ಮಾತನ್ನು, ಆದರೆ ತೊಟ್ಟಿಲು ತೂಗುತ್ತಾ. ಇಲ್ಲಿ ಪ್ರತಿಭಟನೆಯ ಸದ್ದೇ ಇಲ್ಲ. ಜೋಗುಳ ಅನ್ನುವ ಪ್ರಕಾರವನ್ನೇ ತೆಗೆದುಕೊಂಡು ಯಾರಿಗಾಗಿ ಅನ್ನೋದನ್ನು ಮಾತ್ರ ಬದಲಿಸಿದ್ದಾರೆ. ಕವಿತೆಯ ಕಸುಬು ಬಲ್ಲವರಿಗೆ ಇದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತು.

ಹೀಗೆ ನೋಡಿದರೆ ಟ್ರಾನ್ಸ್ ಕವಿಗಳ ಕೊಡುಗೆ ಹಳೆಯ ಪ್ರಕಾರಗಳ ಒಳಗೇ ಇದೆ. ಜೋಗುಳ ಯಾರಿಗೆ, ತಾಯಿ ಯಾರು, ಮದುವೆ ಹಾಡಿನಲ್ಲಿ ಮದುಮಗಳು ಯಾರು, ಸತ್ತ ಮೇಲೆ ಯಾವ ಹೆಸರಲ್ಲಿ ಅಳಬೇಕು. ಹಿಜ್ರಾ ಸಮುದಾಯದಲ್ಲಿ ಗುರುವೇ ತಾಯಿ, ಚೇಲಾಗಳೇ ಮಕ್ಕಳು. ಹೆತ್ತ ಮನೆ ಹೊರಗೆ ಹಾಕಿದ ಮೇಲೆ ಕಟ್ಟಿಕೊಂಡ ಮನೆ ಅದು. ‘ಅಮ್ಮ’ ಅನ್ನೋ ಪದ ಇಂಥ ಕವಿತೆಯಲ್ಲಿ ಬಂದಾಗ ಯಾವ ಅಮ್ಮ ಅಂತ ಓದುಗರು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ನಾವು ನೂರಾರು ಅಮ್ಮನ ಕವಿತೆ ಕೇಳಿದ್ದೇವೆ. ಹೀಗೆ ನಿಂತ ನೆನಪು ಕಡಿಮೆ.

ಬಾರ್ಲಾ, ಬಾರಮ್ಮೀ

ವ್ಯಾಕರಣದ ವಿಚಾರ ಹೇಳದಿದ್ದರೆ ಈ ವಿವರಣೆ ಅರ್ಧ ಆಗುತ್ತದೆ. ಯಾಕೆಂದರೆ ಟ್ರಾನ್ಸ್ ಕವಿಗೆ ಮೊದಲು ಎದುರಾಗುವುದು ಸಮಾಜ ಅಲ್ಲ, ಕ್ರಿಯಾಪದ.

ಹಿಂದಿಯಲ್ಲಿ ‘ನಾನು ಬಂದೆ’ ಅನ್ನಲು ಲಿಂಗ ಹೇಳಲೇಬೇಕು. ಗಂಡಾದರೆ ‘ಮೈಂ ಆಯಾ’, ಹೆಣ್ಣಾದರೆ ‘ಮೈಂ ಆಯೀ’. ಬಾಯಿ ತೆರೆದ ಕೂಡಲೇ ಒಂದು ಕಡೆ ನಿಲ್ಲಬೇಕು. ಹಿಂದಿ ಆಡುವ ಹಿಜ್ರಾ ಸಮುದಾಯದವರು ಸಂದರ್ಭ ನೋಡಿಕೊಂಡು ಎರಡನ್ನೂ ಬಳಸುತ್ತಾರೆ, ಯಾರ ಜೊತೆ ಮಾತು, ಪ್ರೀತಿಯೋ ಜಗಳವೋ ಅನ್ನೋದರ ಮೇಲೆ. ಮಲಯಾಳದ ಕ್ರಿಯಾಪದಕ್ಕೆ ಲಿಂಗದ ಗೊಡವೆಯೇ ಇಲ್ಲ, ಯಾರು ಬಂದರೂ ‘ವನ್ನು’. ಕನ್ನಡ ಇವೆರಡರ ನಡುವೆ ಇದೆ. ‘ಬಂದನು, ಬಂದಳು, ಬಂದಿತು’ ಅಂತ ಪ್ರಥಮ ಪುರುಷದಲ್ಲಿ ಖಡಾಖಂಡಿತ. ಆದರೆ ‘ನಾನು ಬಂದೆ’ ಅನ್ನುವಾಗ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಂದರೆ ಕನ್ನಡದಲ್ಲಿ ‘ನಾನು’ ಅನ್ನುವ ಜಾಗ ಮೊದಲಿಂದಲೂ ಖಾಲಿ ಇದೆ, ಯಾರು ಬೇಕಾದರೂ ಬಂದು ಕೂರಬಹುದು. ‘ಅವನು’ ‘ಅವಳು’ ಅಂತ ಬೇರೆಯವರು ಕರೆಯುವಾಗ ಮಾತ್ರ ತೊಂದರೆ.

ಎದುರಿಗಿದ್ದವರನ್ನು ಸಲಿಗೆಯಿಂದ 
ಕರೆಯುವಾಗಲೂ ಅಷ್ಟೆ. ‘ಬಾ’ ಅನ್ನೋದಕ್ಕೆ ಲಿಂಗ ಇಲ್ಲ, ‘ಬಾರೋ’ ‘ಬಾರೇ’ ಅಂದಾಗ ಬಂತು. ನಮ್ಮ ಹಾಸನ ಸೀಮೆಯ ಹಳ್ಳಿಗಳಲ್ಲಿ ಹುಡುಗರಿಗೆ ‘ಬಾರ್ಲಾ’, ‘ಏನ್ಲಾ’. ಹುಡುಗಿಯರಿಗೆ ‘ಬಾರಮ್ಮೀ’, ‘ಏನಮ್ಮೀ’. ಚಿಕ್ಕಂದಿನಿಂದ ‘ಏನ್ಲಾ’ ಅನ್ನಿಸಿಕೊಂಡು ಬೆಳೆದವಳಿಗೆ ಒಂದು ದಿನ ಅವ್ವ ತಾನಾಗಿಯೇ ‘ಉಂಡೇನಮ್ಮೀ’ ಅಂದರೆ, ಆ ಒಂದು ಅಕ್ಷರದ ಬೆಲೆ ಎಷ್ಟು? ಇಂಗ್ಲಿಷಿನ ಯಾವ ದೊಡ್ಡ ಟ್ರಾನ್ಸ್ ಕವಿಗೂ ಈ ಸಾಲು ಬರೆಯಲು ಆಗುವುದಿಲ್ಲ, ಅವರ ಭಾಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಕನ್ನಡಕ್ಕೆ ಒಂದು ಕ್ರೌರ್ಯವೂ ಗೊತ್ತು. ಅದು ‘ಅದು’. “ಅದು ಬಂತು ನೋಡು” ಅಂತ ಮನುಷ್ಯರ ಬಗ್ಗೆ ಹೇಳುವುದನ್ನು ಕೇಳದವರಿಲ್ಲ. ದನಕ್ಕೆ, ಕಲ್ಲಿಗೆ ಬಳಸುವ ನಪುಂಸಕ ಲಿಂಗ. ಅದರ ಪಕ್ಕದಲ್ಲೇ ‘ಅವರು ಬಂದರು’ ಅನ್ನೋ ಗೌರವದ ರೂಪವೂ ಇದೆ, ಅದರಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಇಂಗ್ಲಿಷಿನಲ್ಲಿ ಒಬ್ಬರನ್ನು ಬಹುವಚನದಲ್ಲಿ ಕರೆಯಬೇಕು ಅಂತ ನಾನ್‌ಬೈನರಿ ಜನ ಕೇಳಿದಾಗ ದೊಡ್ಡ ಗಲಾಟೆ ಆಯಿತು. ನಾವು ಮೇಷ್ಟ್ರಿಗೂ ಮಾವನಿಗೂ ದಿನಾ ಮಾಡುವ ಕೆಲಸ ಅದು. ‘ಅದು’ ಮತ್ತು ‘ಅವರು’ ನಡುವೆ ಒಂದು ಕವಿತೆಯನ್ನು ಕಟ್ಟಬಹುದಾದ ಭಾಷೆ ನಮ್ಮದು.

ಹೊರಗಿನವರು ಮಾಡಿದ್ದು

ಅಮೆರಿಕದಲ್ಲಿ ಈ ಕವಿತೆಗಳು ಒಟ್ಟಾಗಿ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಟಿ.ಸಿ. ಟಾಲ್ಬರ್ಟ್ ಮತ್ತು ಟ್ರೇಸ್ ಪೀಟರ್ಸನ್ ಸೇರಿ 55 ಕವಿಗಳ ಸಂಕಲನ ‘ಟ್ರಬ್ಲಿಂಗ್ ದಿ ಲೈನ್’ ತಂದರು. ಗೆರೆಯನ್ನೇ ಕೆಣಕುವುದು ಅಂತ ಹೆಸರು, ಕವಿತೆಯ ಸಾಲೂ ಹೌದು, ಗಂಡು ಹೆಣ್ಣಿನ ನಡುವೆ ಎಳೆದ ಗೆರೆಯೂ ಹೌದು. ಆ ನಂತರದವರಲ್ಲಿ ಜಾಸ್ ಚಾರ್ಲ್ಸ್ ಅವರ ‘ಫೀಲ್ಡ್’ ಬಗ್ಗೆ ಹೇಳಲೇಬೇಕು. 2018ರ ಪುಸ್ತಕ, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯ ಕೊನೆ ಸುತ್ತಿಗೆ ಬಂತು. ಇಡೀ ಪುಸ್ತಕ ಹದಿನಾಲ್ಕನೇ ಶತಮಾನದ ಕವಿ ಚಾಸರ್ ಕಾಲದ ಇಂಗ್ಲಿಷನ್ನು ನೆನಪಿಸುವ ಕಾಗುಣಿತದಲ್ಲಿದೆ. ವಿಷಯ ಮಾತ್ರ ಇವತ್ತಿನ ಟ್ರಾನ್ಸ್ ಮಹಿಳೆಯ ದೇಹ, ಬಟ್ಟೆ, ಶೌಚಾಲಯ. ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಕನ್ನಡದಲ್ಲಿ ಯಾರೋ ಹಾರ್ಮೋನ್ ಮಾತ್ರೆಯ ಬಗ್ಗೆ ಬರೆದ ಹಾಗೆ. ಕಣ್ಣಲ್ಲಿ ಓದಿದರೆ ಅರ್ಥ ಆಗಲ್ಲ, ಬಾಯಿ ಬಿಟ್ಟು ಓದಬೇಕು. ಒಂದು ಪದ ಎರಡಾಗಿ ಕೇಳಿಸುತ್ತದೆ. ನೋಡಿದ ತಕ್ಷಣ ನನ್ನನ್ನು ತಿಳಿದೆ ಅಂದುಕೊಳ್ಳಬೇಡಿ ಅಂತ ಬಾಯಲ್ಲಿ ಹೇಳುವ ಬದಲು ಕಾಗುಣಿತದಲ್ಲೇ ಹೇಳುವ ಜಾಣತನ ಅದು.

ನಾನ್‌ಬೈನರಿ ಕವಿ ಡಾನೆಜ್ ಸ್ಮಿತ್ 2018ರಲ್ಲಿ ಬ್ರಿಟನ್ನಿನ ಫಾರ್ವರ್ಡ್ ಪ್ರಶಸ್ತಿ ಪಡೆದರು. ಕಪ್ಪು ಜನರ ಸಾವು, ಎಚ್‌ಐವಿ ಇವು ಅವರ ಕವಿತೆಯ ಸಾಮಗ್ರಿ. ಆಂಡ್ರಿಯಾ ಗಿಬ್ಸನ್ ವೇದಿಕೆಯ ಕವಿ, ಕೊಲರಾಡೊದ ರಾಜ್ಯಕವಿಯಾಗಿದ್ದರು, 2025ರಲ್ಲಿ ತೀರಿಕೊಂಡರು. ಅರ್ಜೆಂಟೀನಾದ ಸೂಸಿ ಶಾಕ್ ಅಂತೂ ತನಗೆ ರಾಕ್ಷಸ ಆಗಿರುವ ಹಕ್ಕಿದೆ ಅಂತ ಕವಿತೆಯಲ್ಲೇ ಘೋಷಿಸಿದವರು. ನನ್ನನ್ನು ಒಪ್ಪಿಕೊಳ್ಳಿ ಅಂತ ಬೇಡುವ ದನಿ ಅದರಲ್ಲಿ ಇಲ್ಲ. ಅನುಕಂಪದ ಕವಿತೆ ಓದಿ ಅಭ್ಯಾಸವಾದ ನಮಗೆ ಇದು ಸ್ವಲ್ಪ ಗಾಬರಿ ಹುಟ್ಟಿಸುತ್ತದೆ, ಹುಟ್ಟಿಸಬೇಕು ಕೂಡ.

ಎಲ್ಲಾ ಟ್ರಾನ್ಸ್ ಕವಿತೆಯೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನೋವು ನಿಜ ಅಂದ ಮಾತ್ರಕ್ಕೆ ಸಾಲು ಗಟ್ಟಿಯಾಗುವುದಿಲ್ಲ, ಈ ನಿಯಮ ಎಲ್ಲರಿಗೂ ಒಂದೇ. ಆದರೆ ನಮ್ಮ ಗೋಷ್ಠಿಗಳಲ್ಲಿ ಒಂದು ಅಭ್ಯಾಸ ನೋಡುತ್ತೇನೆ. ಟ್ರಾನ್ಸ್ ಕವಿಯನ್ನು ಕರೆದರೆ “ನಿಮ್ಮ ಕಷ್ಟ ಹೇಳಿ” ಅಂತ ಕರೆಯುತ್ತಾರೆ. ಕಾಫಿ ತೋಟದ ಮಳೆ ಬಗ್ಗೆ, ಹಾಸನಾಂಬೆಯ ಜಾತ್ರೆ ಬಗ್ಗೆ, ಪ್ರೇಮದ ಬಗ್ಗೆ ಅವರು ಬರೆದದ್ದನ್ನು ಯಾರೂ ಕೇಳುವುದಿಲ್ಲ. ಕಣ್ಣೀರು ಹಾಕಿ ಶಾಲು ಹೊದಿಸಿ ಕಳಿಸಿದರೆ ಕವಿತೆ ಓದಿದ ಹಾಗಾಗಲಿಲ್ಲ. ಇನ್ನೊಂದು ಕೊರತೆ, ನಾವು ಕೇಳಿದ ಹೆಸರುಗಳಲ್ಲಿ ಟ್ರಾನ್ಸ್ ಮಹಿಳೆಯರೇ ಜಾಸ್ತಿ. ಹೆಣ್ಣಾಗಿ ಬೆಳೆಸಿದ ಮನೆಯಿಂದ ಹೊರಗೆ ಹೆಜ್ಜೆ ಇಡುವುದೇ ಕಷ್ಟ ಆದ ಟ್ರಾನ್ಸ್ ಪುರುಷರು ಕವಿತೆಯಲ್ಲೂ ಕಡಿಮೆ ಕಾಣುತ್ತಾರೆ.

ಓದಲು ಶುರು ಮಾಡುವವರಿಗೆ ಕನ್ನಡದಲ್ಲಿ ಸುಲಭವಾಗಿ ಸಿಗುವುದು ಆತ್ಮಕತೆಗಳೇ. ‘ನಡುವೆ ಸುಳಿವ ಹೆಣ್ಣು’ ಮೊದಲು, ‘ಬದುಕು ಬಯಲು’ ಆಮೇಲೆ. ಇಂಗ್ಲಿಷ್ ಓದುವವರಿಗೆ ಅದಿತಿ ಅಂಗಿರಸ್ ಮತ್ತು ಅಖಿಲ್ ಕತ್ಯಾಲ್ ಸಂಪಾದಿಸಿದ, ದಕ್ಷಿಣ ಏಷ್ಯಾದ ಸಲಿಂಗಿ, ಟ್ರಾನ್ಸ್ ಮೊದಲಾದವರ ಕವಿತೆಗಳ 2020ರ ಸಂಕಲನ ‘ದಿ ವರ್ಲ್ಡ್ ದಟ್ ಬಿಲಾಂಗ್ಸ್ ಟು ಅಸ್’ ಇದೆ. ಆಮೇಲೆ ಅನುವಾದದ ಕೆಲಸ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಿಂದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ತನಕ ಹೋದವು. ಇಲ್ಲಿಂದ ಹೊರಗೆ ಹೋಗುವ ದಾರಿ ಗೊತ್ತಾಯಿತು, ಒಳಗೆ ತರುವ ದಾರಿಯೂ ಅದೇ. ವಿಜಯರಾಜಮಲ್ಲಿಕಾ ಅವರ ಜೋಗುಳದಿಂದಲೇ ಶುರು ಮಾಡಬಹುದು. ಮಲಯಾಳ ಬಲ್ಲವರು ಒಬ್ಬರು, ಜೋಗುಳ ಹಾಡಿ ಬಲ್ಲ ಹಾಸನ ಸೀಮೆಯ ಅಜ್ಜಿ ಒಬ್ಬರು, ಇಬ್ಬರೂ ಒಟ್ಟಿಗೆ ಕೂತರೆ ಸಾಕು.